ಸಂಸಾರ ಹೂಡಲು ಒಂದೂರು

ಹಿಂದೆ ನಮ್ಮ ಕಡೆ ಹೆಣ್ಣು ಕೊಡುವವರು ಹುಡುಗನಿಗಿಂತ ಮೊದಲು ಅವನ ಊರು ನೋಡುತ್ತಿದ್ದರು. ಹುಡುಗ ಕಪ್ಪೋ ಕೆಂಪೋ ಎಂಬುದು ಆಮೇಲಿನ ಮಾತು. ಬಾವಿ ಎಷ್ಟು ಆಳ, ಹಳ್ಳ ಎಷ್ಟು ದೂರ, ಯುಗಾದಿ ಕಳೆದ ಮೇಲೂ ಕೆರೆಯಲ್ಲಿ ನೀರು ನಿಲ್ಲುತ್ತದೋ ಇಲ್ಲವೋ, ಇಷ್ಟಕ್ಕೆ ಉತ್ತರ ಸಿಕ್ಕ ಮೇಲೇ ಜಾತಕ ಬಿಚ್ಚುತ್ತಿದ್ದದ್ದು. ನೀರಿಲ್ಲದ ಊರಿಗೆ ಹೆಣ್ಣು ಕೊಡಬೇಡಿ ಅಂತ ಹಿರಿಯರು ಹೇಳಿದ್ದು ಸುಮ್ಮನೆಯೇ? ಕೊಡ ಹೊರುವ ಸೊಂಟ ಮಗಳದ್ದು ತಾನೆ! ಹೆಣ್ಣು ನೋಡುವ ಶಾಸ್ತ್ರದ ಬಗ್ಗೆ ಕಥೆ, ನಾಟಕ, ಸಿನಿಮಾ ಎಲ್ಲಾ ಬಂದಿವೆ. ಊರು ನೋಡುವ ಶಾಸ್ತ್ರದ ಬಗ್ಗೆ ಯಾರೂ ಅಷ್ಟಾಗಿ ಬರೆದಿಲ್ಲ. ಬರೆಯಬೇಕಿತ್ತು. ಹುಡುಗಿಯ ಸೋದರತ್ತೆಯೋ ದೊಡ್ಡಮ್ಮನೋ ಯಾವುದೋ ನೆಪ ಮಾಡಿಕೊಂಡು ಆ ಊರಿಗೆ ಹೋಗಿ, ಒಂದು ರಾತ್ರಿ ತಂಗಿ, ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ನಿಂತು ನಾಲ್ಕು ಹೆಂಗಸರ ಜೊತೆ ಮಾತಾಡಿ ಬಂದರೆ, ಆ ಊರಿನ ಹುಳುಕು ಒಳಿತು ಎರಡೂ ಬಯಲಾಗುತ್ತಿದ್ದವು.

ಈಗ ಊರು ನೋಡುವ ಕೆಲಸ ಮದುವೆಗೆ ಮುಂಚೆ ನಡೆಯುವುದಿಲ್ಲ. ಮದುವೆಯಾಗಿ, ಮಗು ಹುಟ್ಟಿ, ಆ ಮಗು ಅಂಗನವಾಡಿಯ ವಯಸ್ಸಿಗೆ ಬಂದಾಗ ಗಂಡ ಹೆಂಡತಿ ಇಬ್ಬರೂ ಒಂದು ರಾತ್ರಿ ಎದ್ದು ಕೂತು ಲೆಕ್ಕ ಹಾಕುತ್ತಾರೆ. ನನ್ನ ಅಕ್ಕನ ಮಗನ ಮನೆಯಲ್ಲಿ ಈಚೆಗೆ ಆದದ್ದೂ ಅದೇ. ಬೆಂಗಳೂರಿನಲ್ಲಿ ಕೆಲಸ, ಹೆಂಡತಿಗೂ ಕೆಲಸ, ಒಂದು ಹೆಣ್ಣು ಕೂಸು. ಹಬ್ಬಕ್ಕೆ ಬಂದವನು ಊಟ ಮುಗಿಸಿ ಜಗುಲಿಯ ಮೇಲೆ ಕೂತು, ಮೊಬೈಲ್ ತೆಗೆದು, "ಮಾವ, ಬೆಂಗಳೂರು ನಮ್ಮ ಕೈಲಿ ಆಗ್ತಿಲ್ಲ. ಯಾವುದಾದ್ರೂ ಸಣ್ಣ ಊರಿಗೆ ಹೋಗಿಬಿಡೋಣ ಅಂತಿದ್ದೀವಿ. ನೀವು ನಾಕು ಊರು ಸುತ್ತಿದೋರು, ಎಲ್ಲಿಗೆ ಹೋಗೋದು ಹೇಳಿ" ಅಂದ. ಮೊಬೈಲಿನಲ್ಲಿ ಊರುಗಳ ಪಟ್ಟಿ ಮಾಡಿಕೊಂಡಿದ್ದ. ಎದುರಿಗೆ ಎರಡು ಕೋಣೆಯ ಮನೆಯ ಬಾಡಿಗೆ. ಕಡಿಮೆ ಬಾಡಿಗೆಯ ಊರು ಮೇಲೆ, ಹೆಚ್ಚಿನದು ಕೆಳಗೆ.

"ಆ ಪಟ್ಟಿ ಒಳಗಿಡೋ" ಅಂದೆ. ಬಾಡಿಗೆಯಿಂದ ಊರು ಅಳೆಯುವುದು ಸೀರೆಯ ಬೆಲೆ ಚೀಟಿ ನೋಡಿ ನೇಯ್ಗೆ ಹೇಳಿದ ಹಾಗೆ. ಬೆಂಗಳೂರಿನಲ್ಲಿ ಅವನನ್ನು ಹಣ್ಣು ಮಾಡಿದ್ದು ಬಾಡಿಗೆ ಒಂದೇ ಅಲ್ಲವಲ್ಲ. ಅದರ ಬೆನ್ನಿಗೆ ಅಡ್ವಾನ್ಸು, ಮೇಂಟೆನೆನ್ಸು, ಶಾಲೆಯ ವ್ಯಾನು, ಬೇಸಿಗೆಯಲ್ಲಿ ಟ್ಯಾಂಕರು. 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿದ ಬಡಾವಣೆಗಳಲ್ಲಿ ಬಕೆಟ್ಟು ಸಾಲಿಟ್ಟು ಜನ ಕಾದರು. ಆ ಮಹಾನಗರಕ್ಕೆ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಿನ ಬಲದ ಮೇಲೆ ಗುಡ್ಡ ಹತ್ತಿ ಬರಬೇಕು. ಅದಿರಲಿ, ನನಗೆ ಸಂಕಟವಾದದ್ದು ಇನ್ನೊಂದು ಮಾತು ಕೇಳಿ. ಬೆಳಗ್ಗೆ ಅವನು ಹೊರಡುವಾಗ ಕೂಸು ಎದ್ದಿರುವುದಿಲ್ಲ, ರಾತ್ರಿ ಬರುವಾಗ ಮಲಗಿರುತ್ತದೆ. ಸಂಬಳ ಎಷ್ಟೇ ಬರಲಿ, ಅಪ್ಪನನ್ನು ಮಗಳು ಭಾನುವಾರ ಮಾತ್ರ ನೋಡುವ ಊರು ತೀರಾ ದುಬಾರಿ ಊರು. ಕೈಗೆಟಕುವ ಊರು ಯಾವುದು ಅಂತ ಕೇಳಿದರೆ ನಾನು ಹೇಳುವುದು ಇಷ್ಟೇ: ಕೆಲಸ, ಶಾಲೆ, ತರಕಾರಿ, ಡಾಕ್ಟರು ಎಲ್ಲಕ್ಕೂ ನಡೆದು ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲ ಒಂದೆಡೆ ಸೇರುವಂಥ ಊರು.

ಅಂಥ ಊರು ಬೆಂಗಳೂರೂ ಆಗಿತ್ತು ಒಂದು ಕಾಲಕ್ಕೆ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದಾಗ ಅಲ್ಲವೇ ಮಲ್ಲೇಶ್ವರ, ಬಸವನಗುಡಿ ಹುಟ್ಟಿದ್ದು? ಮನೆಗೆ ಗಾಳಿ ಬರಬೇಕು, ಬೆಳಕು ಬರಬೇಕು, ಮನೆಯ ಹಿಂದೆ ಜಾಡಮಾಲಿ ಓಡಾಡಲು ಓಣಿ ಇರಬೇಕು ಅಂತ ಅಳೆದು ಗೆರೆ ಎಳೆದ ಬಡಾವಣೆಗಳು ಅವು. ಮೈಸೂರಿನಲ್ಲೂ 1903ರಲ್ಲಿ ಊರು ಸುಧಾರಣೆಗೆಂದೇ ಒಂದು ಟ್ರಸ್ಟ್ ಬೋರ್ಡು ಆಯಿತು. ಮೈಸೂರಿನ ಅಗಲ ರಸ್ತೆ, ಸಾಲುಮರ, ವೃತ್ತಕ್ಕೊಂದು ಉದ್ಯಾನ ನೋಡಿ ಇವತ್ತು ನಾವು ಕಣ್ಣು ತಂಪು ಮಾಡಿಕೊಳ್ಳುತ್ತೇವಲ್ಲ, ಅದರ ಹಿಂದೆ ಪ್ಲೇಗಿನ ಇಲಿಗಳಿವೆ. ಸಂಸಾರಸ್ಥರ ಊರು ಹೇಗಿರಬೇಕೆಂದು ಸರ್ಕಾರ ಗಟ್ಟಿ ಕೂತು ಯೋಚಿಸಿದ ಕಾಲ ಅದು. ಈಗಿನ ಲೇಔಟುಗಳ ನಕ್ಷೆ ನೋಡುವಾಗಲೆಲ್ಲ ಆ ಇಂಜಿನಿಯರುಗಳನ್ನು ನೆನೆದು ಕೈ ಮುಗಿಯಬೇಕು ಅನಿಸುತ್ತದೆ.

ಅಕ್ಕನ ಮಗನ ಪಟ್ಟಿಯಲ್ಲಿ ಮೈಸೂರೂ ಇತ್ತು, ಆದರೆ ಕೆಳಗೆ. 2023ರಲ್ಲಿ ಬೆಂಗಳೂರಿನಿಂದ ದಶಪಥ ಹೆದ್ದಾರಿ ಆದ ಮೇಲೆ ಅಲ್ಲಿನ ಸೈಟಿನ ಬೆಲೆಯೂ ಬೆಂಗಳೂರಿನ ಕಡೆ ಮುಖ ಮಾಡಿದೆ. ರಸ್ತೆ ಬಂದರೆ ಊರು ಹತ್ತಿರವಾಗುತ್ತದೆ, ನೆಲ ದೂರವಾಗುತ್ತದೆ. ಇನ್ನು ಹಾಸನ. ಬೆಂಗಳೂರಿನಿಂದ ಅಲ್ಲಿಗೆ 2017ರಲ್ಲಿ ಶ್ರವಣಬೆಳಗೊಳದ ಮೇಲಿಂದ ನೇರ ರೈಲು ಬಂತು. ಹಾಸನವನ್ನು ಬಡವರ ಊಟಿ ಅಂತಾರಲ್ಲ, ಆ ಹೆಸರು ಸುಳ್ಳಲ್ಲ. ಏಪ್ರಿಲಿನಲ್ಲೂ ಸಂಜೆ ಗಾಳಿ ಬೀಸಿದರೆ ಹೊದಿಕೆ ಹುಡುಕಬೇಕು. ಗೊರೂರಿನ ಹೇಮಾವತಿ ಅಣೆಕಟ್ಟೆ ಕೂಗಳತೆಯಲ್ಲಲ್ಲದಿದ್ದರೂ ಒಂದು ಸಣ್ಣ ಪ್ರಯಾಣದಷ್ಟೇ ದೂರ. ಕೂಸು ಹೊಸ ಆಲೂಗೆಡ್ಡೆ ತಿಂದು ಬೆಳೆಯಬಹುದು. ಹಾಸನದ ಆಲೂಗೆಡ್ಡೆ ಬಿತ್ತನೆಯ ಕಾಲದಲ್ಲಿ ಮಾರುಕಟ್ಟೆ ನೋಡಿದ್ದೀರಾ? ಮೂಟೆಗಳ ನಡುವೆ ರೈತರು ಒಂದೊಂದೇ ಗೆಡ್ಡೆ ಕೈಗೆತ್ತಿಕೊಂಡು ಕಣ್ಣು ಎಷ್ಟಿವೆ ಅಂತ ನೋಡುತ್ತಿರುತ್ತಾರೆ. ಎಲ್ಲಿಂದ ಎಲ್ಲಿಗೆ ಬಂದೆ ನೋಡಿ, ಸಂಸಾರದ ಮಾತು ಆಲೂಗೆಡ್ಡೆಗೆ ಬಂತು.

ಪೇಟೆ ಬಿಟ್ಟು ಹೊರಡುವವರ ಮನಸ್ಸಿನಲ್ಲಿ ಎಲ್ಲೋ ಒಂದು ಮಾಲ್ಗುಡಿ ಇರುತ್ತದೆ. ಅಕ್ಕನ ಮಗನ ಹೆಂಡತಿಯೂ ಅದನ್ನೇ ಹೇಳಿದಳು, "ಆಗುಂಬೆ ಥರ ಇದ್ರೆ ಸಾಕು ಮಾವ." ಮಾಲ್ಗುಡಿ ಎಂಬ ಕಲ್ಪನೆಯ ಊರನ್ನು ಆರ್.ಕೆ. ನಾರಾಯಣ್ ಬರೆದದ್ದು ಮೈಸೂರಿನಲ್ಲಿ ಕೂತು. ಶಂಕರ್ ನಾಗ್ ಆ ಊರನ್ನು ಧಾರಾವಾಹಿಗಾಗಿ ಹುಡುಕಿಕೊಂಡದ್ದು ಆಗುಂಬೆಯಲ್ಲಿ. ಅಲ್ಲಿನ ದೊಡ್ಡಮನೆಯ ತೊಟ್ಟಿ, ಕಂಬಸಾಲು ನೋಡಿದ ಯಾರಿಗಾದರೂ ಮಕ್ಕಳನ್ನು ಇಲ್ಲೇ ಬೆಳೆಸಬೇಕು ಅನಿಸದೆ ಇರದು. ಆದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಜಾಗ ಅದು. ಕೂಸಿನ ಬಟ್ಟೆ ಒಣಗಿಸುವುದು ಎಲ್ಲಿ? ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಅಡ್ಡಗೋಲು ಕಟ್ಟಿ, ಬಟ್ಟೆ ಹರವಿ, ಆಗಾಗ ತಿರುವಿ ಹಾಕುತ್ತಾ ಇರುತ್ತಾರೆ. ಬಟ್ಟೆಗೆಲ್ಲ ಹೊಗೆಯ ವಾಸನೆ. ಆ ವಾಸನೆಯಲ್ಲೇ ಬೆಳೆದವರಿಗೆ ಅದು ತಾಯಿಯ ಸೆರಗಿನಷ್ಟು ಪ್ರೀತಿ. ಹೊರಗಿನಿಂದ ಹೋದವರು ಆಷಾಢಕ್ಕೆ ಮುಂಚೆಯೇ ಗಂಟು ಕಟ್ಟುತ್ತಾರೆ. ಅವಳಿಗೆ ಇದನ್ನು ಹೇಳಿದಾಗ ನಕ್ಕಳು, ಆದರೆ ಆಗುಂಬೆಯ ಆಸೆ ಬಿಡಲಿಲ್ಲ. ಬಿಡುವುದೂ ಬೇಡ. ಬೇಸಿಗೆ ರಜೆಗೆ ಹೋಗಿ ಬರಲಿ.

ಹಳೆಯ ನೀತಿಯ ಮಾತೊಂದಿದೆ. ಸಾಲ ಕೊಡಬಲ್ಲ ಧನಿಕ, ವೇದ ಬಲ್ಲವನು, ರಾಜ, ನದಿ, ವೈದ್ಯ, ಈ ಐವರಿಲ್ಲದ ಕಡೆ ಒಂದು ದಿನವೂ ನಿಲ್ಲಬೇಡ ಅಂತ ಅದರ ತಾತ್ಪರ್ಯ. ಎಂಥ ಲೆಕ್ಕಾಚಾರ ನೋಡಿ! ಬ್ಯಾಂಕು, ಶಾಲೆ, ನಗರಸಭೆ, ನಲ್ಲಿ, ಆಸ್ಪತ್ರೆ ಅಂತ ಹೆಸರು ಬದಲಿಸಿಕೊಂಡರೆ ಇವತ್ತಿಗೂ ನಡೆಯುತ್ತದೆ. ಆದರೆ ಆ ಪಟ್ಟಿ ಮಾಡಿದವನು ಕೂಸು ಸಾಕಿದವನಲ್ಲ ಅಂತ ಬಲವಾದ ಅನುಮಾನ ನನಗೆ. ಸಾಕಿದ್ದರೆ ಅಜ್ಜಿಯನ್ನು ಬಿಡುತ್ತಿದ್ದನೇ? ಇಬ್ಬರೂ ದುಡಿಯುವ ಮನೆಯಲ್ಲಿ ಕೂಸಿಗೆ ಜ್ವರ ಬಂದ ದಿನ ಬ್ಯಾಂಕು ಬಂದು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತದೆಯೇ? ಒಂದು ಬಸ್ಸಿನ ದೂರದಲ್ಲಿ ಅಜ್ಜಿ ಇದ್ದರೆ ಆ ಊರಿಗೆ ನಾನು ಉಳಿದೆಲ್ಲದರಲ್ಲೂ ರಿಯಾಯಿತಿ ಕೊಡುತ್ತೇನೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಲ್ಲವಲ್ಲ, ಅದರ ಲಾಭ ಯಾರಿಗೆ ಎಷ್ಟಾಯಿತು ಅನ್ನುವವರು ಒಮ್ಮೆ ಬೆಳಗಿನ ಬಸ್ಸು ಹತ್ತಿ ನೋಡಲಿ. ಚೀಲದಲ್ಲಿ ಚಕ್ಕುಲಿ ಡಬ್ಬಿ, ಸೊಪ್ಪಿನ ಕಟ್ಟು, ಮೊಮ್ಮಗುವಿಗೆ ಹೆಣೆದ ಕುಲಾವಿ ಇಟ್ಟುಕೊಂಡ ಅಜ್ಜಿಯರು ಕಿಟಕಿ ಪಕ್ಕ ಕೂತಿರುತ್ತಾರೆ.

ಧಾರವಾಡದ ಮಾತು ಬಾರದೆ ಇಂಥ ಹರಟೆ ಮುಗಿಯಬಾರದು. ಪಿಂಚಣಿದಾರರ ಊರು ಅಂತ ಅದನ್ನು ಕೆಲವರು ಪಕ್ಕಕ್ಕಿಡುತ್ತಾರೆ. ನಾನು ಹೇಳುವುದು, ಮುದುಕರಿಗೆ ಹಿಡಿಸಿದ ಊರು ಮಕ್ಕಳಿಗೂ ಹಿಡಿಸುತ್ತದೆ. ಇಬ್ಬರಿಗೂ ಬೇಕಾದದ್ದು ಒಂದೇ: ನೆರಳಿರುವ ರಸ್ತೆ, ಜೋರಾಗಿ ಬಾರದ ಗಾಡಿ, ಕೂರಲೊಂದು ಕಟ್ಟೆ, ದಾರಿಯಲ್ಲಿ ಮಾತಾಡಿಸುವ ಮುಖ. ಅಲ್ಲಿ ವಿದ್ಯಾವರ್ಧಕ ಸಂಘ 1890ರಿಂದ ನಡೆದು ಬಂದಿದೆ, ಕರ್ನಾಟಕ ಕಾಲೇಜಿಗೆ ನೂರು ದಾಟಿದೆ, 2016ರಲ್ಲಿ ಐಐಟಿಯೂ ಬಂತು. ಹಾದಿಬೀದಿಯಲ್ಲಿ ಮೇಷ್ಟ್ರುಗಳು ಸಿಗುವ ಊರು. ಸಾಧನಕೇರಿಯ ಕೆರೆ ದಂಡೆಯ ಮೇಲೆ ಮಕ್ಕಳನ್ನು ನಡೆಸಿಕೊಂಡು ಹೋಗುವಾಗ "ಬೇಂದ್ರೆ ಅಜ್ಜ ಇಲ್ಲೇ ಇದ್ರು" ಅಂತ ಮನೆ ತೋರಿಸಬಹುದು. ಮಕ್ಕಳಿಗೆ ಕವಿಯೆಂದರೆ ಪಠ್ಯಪುಸ್ತಕದ ಚಿತ್ರವಾಗದೆ ಪಕ್ಕದ ಓಣಿಯ ಅಜ್ಜ ಆಗುವುದು ಸಣ್ಣ ಸಂಗತಿಯೇ? ಮಳೆಗಾಲದಲ್ಲಿ ಆ ಕೆಂಪು ಕೆಸರು ಬಿಳಿ ಯೂನಿಫಾರ್ಮಿಗೆ ಹತ್ತಿದರೆ ಯಾವ ಸೋಪಿಗೂ ಜಗ್ಗದು ಅನ್ನುವುದನ್ನು ಮಾತ್ರ ತಾಯಂದಿರ ಕಿವಿಗೆ ಮೊದಲೇ ಹಾಕಿಡಬೇಕು.

ಅಗ್ಗದ ಊರು ಹುಡುಕುವಾಗ ಒಂದು ಎಚ್ಚರ ಬೇಕು. ಒಂದೇ ಕಾರ್ಖಾನೆಯ ಮೇಲೆ ನಿಂತ ಊರು ಅಗ್ಗವಾದದ್ದು ಯಾಕೆ ಅಂತ ಕೇಳಬೇಕು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಕೆಜಿಎಫ್‌ನಲ್ಲಿ ಮನೆ ಉಳಿಯಿತು, ಕೆಲಸ ಉಳಿಯಲಿಲ್ಲ. ಅಲ್ಲಿನ ಎಷ್ಟೋ ಜನ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ಬಂದು ದುಡಿದು, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಅಲ್ಲಿನ ಮಕ್ಕಳಿಗೂ ಅಪ್ಪ ಸಿಗುವುದು ಭಾನುವಾರವೇ ಆಯಿತಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು, ಆಮೇಲೆ ಕಾಗದದ ಕಾರ್ಖಾನೆ. ಶಿಫ್ಟಿನ ಸೈರನ್ನು ಕೇಳಿ ಇಡೀ ಊರು ಗಡಿಯಾರ ತಿದ್ದಿಕೊಳ್ಳುತ್ತಿದ್ದ ದಿನಗಳನ್ನು ಅಲ್ಲಿಯವರು ಈಗಲೂ ಹೇಳುತ್ತಾರೆ. ಕ್ವಾರ್ಟರ್ಸಿನ ಸಾಲುಮನೆ, ಶಾಲೆ, ಆಸ್ಪತ್ರೆ, ಮೈದಾನ ಎಲ್ಲ ಕೊಟ್ಟಿದ್ದ ಊರು ಅದು. ಮಕ್ಕಳನ್ನು ಬೆಳೆಸಲು ಅಷ್ಟು ಒಳ್ಳೆಯ ಊರು ಹುಡುಕಿದರೂ ಸಿಗುತ್ತಿರಲಿಲ್ಲ. ಕಾಗದದ ಕಾರ್ಖಾನೆಯ ಸದ್ದು ನಿಂತ ಮೇಲೆ ಆ ಸಂಸಾರಗಳಿಗೆ ಆದ ನೋವು ದೊಡ್ಡದು. ಹಾಗಾಗಿ ಹತ್ತು ಥರದ ಕಸುಬಿರುವ ಊರು ಲೇಸು. ಒಂದು ಕೈಬಿಟ್ಟರೆ ಇನ್ನೊಂದು ಹಿಡಿಯುತ್ತದೆ.

ಹಾಗೆ ನೋಡಿದರೆ ನನ್ನ ಮನಸ್ಸು ದಾವಣಗೆರೆಯ ಕಡೆಗೆ ವಾಲುತ್ತದೆ. ಅಲ್ಲಿ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಚಿಮಣಿಗಳು ಹೊಗೆಯಾಡುತ್ತಿದ್ದವು. ಗಿರಣಿಗಳು ನಿಂತವು, ಊರು ನಿಲ್ಲಲಿಲ್ಲ. ದಲ್ಲಾಲಿ ಅಂಗಡಿ, ಅಕ್ಕಿ ಮಿಲ್ಲು, ಬಟ್ಟೆ ವ್ಯಾಪಾರ ಇದ್ದವು. 1951ರಲ್ಲೇ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಮೆಡಿಕಲ್ ಕಾಲೇಜು ಬಂದಿದ್ದವು. ಬಿಸಿಲು ಮಾತ್ರ ಕೇಳಬೇಡಿ. ಮಾರ್ಚ್ ಬಂತೆಂದರೆ ಮಧ್ಯಾಹ್ನ ರಸ್ತೆಯಲ್ಲಿ ಕಾಗೆಯೂ ಇಳಿಯದು. ಆದರೆ ಸಂಜೆ ಬಿಸಿಲು ಇಳಿದ ಮೇಲೆ ಊರಿಗೆ ಊರೇ ಮಿರ್ಚಿ ಮಂಡಕ್ಕಿಗೆ ಹೊರಡುತ್ತದೆ. ಮಂಡಕ್ಕಿ ಭಟ್ಟಿಗಳಿರುವ ಕಡೆ ಎಂದಾದರೂ ಹೋಗಿದ್ದೀರಾ? ಒಲೆಯ ಮೇಲಿನ ದೊಡ್ಡ ಬಾಣಲೆಯಲ್ಲಿ ಮರಳು ಕೆಂಡವಾಗಿರುತ್ತದೆ. ಉಪ್ಪು ನೀರು ಹಿಡಿದ ಅಕ್ಕಿ ಹಾಕಿ ಒಂದೆರಡು ಬಾರಿ ಕೈಯಾಡಿಸುವುದರೊಳಗೆ ಚಟಚಟನೆ ಅರಳಿ ಬೆಳ್ಳಗೆ ತುಂಬಿಕೊಳ್ಳುತ್ತದೆ. ಜರಡಿ ಹಿಡಿದು ಒಮ್ಮೆ ಒದರಿದರೆ ಮರಳೆಲ್ಲ ಕೆಳಗೆ, ಮಂಡಕ್ಕಿ ಮೇಲೆ. ಹೊಗೆ, ಬೂದಿ, ಬೆವರು. ಬೆಂಕಿಯ ಮುಂದೆ ಇಡೀ ದಿನ ನಿಲ್ಲುವ ಆ ಜನರ ದುಡಿಮೆಯಿಂದಲೇ ನಾಲ್ಕು ಜನರ ಸಂಸಾರ ಇವತ್ತಿಗೂ ಸಣ್ಣ ನೋಟಿನಲ್ಲಿ ಸಂಜೆಯ ತಿಂಡಿ ಮುಗಿಸಬಹುದು. ಊರು ಅಗ್ಗ ಅನ್ನುವಾಗ ಯಾರ ಬೆವರಿನಿಂದ ಅಗ್ಗ ಅನ್ನುವುದನ್ನೂ ನೆನೆಯಬೇಕು.

ಬೆಣ್ಣೆದೋಸೆಯ ಕಥೆ ನಿಮಗೆ ಗೊತ್ತೇ ಇರಬಹುದು, ಆದರೂ ಹೇಳದೆ ಇರಲಾರೆ, ಯಾಕೆಂದರೆ ಅದು ಈ ವಿಷಯದ್ದೇ ಕಥೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನುವ ತಾಯಿ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದರಂತೆ. ನಾಟಕದ ಥಿಯೇಟರಿನ ಹತ್ತಿರ ಒಲೆ ಹೂಡಿ ರಾಗಿ ದೋಸೆ ಹುಯ್ದರಂತೆ. ನಾಟಕ ನೋಡಲು ಬಂದವರು ದೋಸೆ ತಿಂದರು, ದೋಸೆ ತಿನ್ನಲೆಂದೇ ಜನ ಬರತೊಡಗಿದರು. ಮಕ್ಕಳು ದೊಡ್ಡವರಾದ ಮೇಲೆ ಅಕ್ಕಿ ಹಿಟ್ಟು, ಬೆಣ್ಣೆ ಬಂದು ಈಗಿನ ರೂಪ ಆಯಿತು ಅಂತ ಊರವರು ಹೇಳುತ್ತಾರೆ. ಆ ತಾಯಿಗೆ ಪಟ್ಟಿ ಮಾಡಿಕೊಡಲು ಯಾರಿದ್ದರು? ಗಿರಣಿಯ ಊರು, ನಾಟಕ ಕಂಪನಿ ಕ್ಯಾಂಪು ಹಾಕುವ ಊರು, ಹೊತ್ತಲ್ಲದ ಹೊತ್ತಿನಲ್ಲಿ ಹಸಿದವರು ಇರುವ ಊರು. ಬಂಡವಾಳವಿಲ್ಲದೆ ಬಂದ ಹೆಣ್ಣುಮಗಳೊಬ್ಬಳು ಬೀದಿ ಬದಿಯಲ್ಲಿ ಒಲೆ ಹಚ್ಚಿ ಮಕ್ಕಳನ್ನು ಸಾಕಲು ಬಿಟ್ಟ ಊರು. ಬೀದಿಯಲ್ಲಿ ಒಲೆ ಹಚ್ಚಿದವಳನ್ನು ಎಬ್ಬಿಸದೆ, ಎದುರಿಗೆ ಕೂತು "ಇನ್ನೊಂದು ಹಾಕವ್ವ" ಅನ್ನುವ ಜನ ಇದ್ದರೆ ಅದಕ್ಕಿಂತ ಒಳ್ಳೆಯ ಊರು ಸಂಸಾರಕ್ಕೆ ಬೇಕೇ?

"ಅದೆಲ್ಲ ಸರಿ ಮಾವ, ನನ್ನ ಕೆಲಸದ ಗತಿ ಏನು?" ಅಂತ ಸೊಸೆ ಕೇಳಿದಳು. ಇಡೀ ಜಗುಲಿಯಲ್ಲಿ ತೂಕದ ಪ್ರಶ್ನೆ ಅದೇ. ಗಂಡನ ಕೆಲಸ ಮನೆಯಿಂದ ಮಾಡಬಹುದಂತೆ, ಅವಳದ್ದು ಆಗದು. ಲ್ಯಾಬಿಗೆ ಹೋಗಿ ನಿಲ್ಲಬೇಕಾದ ಕೆಲಸ. ಸಣ್ಣ ಊರಿಗೆ ಹೋಗೋಣ ಅಂತ ಹೊರಟ ಎಷ್ಟು ಮನೆಗಳಲ್ಲಿ ಹೆಂಡತಿಯ ಸಂಬಳ ನಿಂತು, ಅಗ್ಗದ ಬಾಡಿಗೆಯ ಉಳಿತಾಯವೆಲ್ಲ ಅದರಲ್ಲೇ ಕರಗಿಲ್ಲ? ದುಡ್ಡಿನ ಮಾತೂ ಹೋಗಲಿ, ಓದಿ ಕಲಿತದ್ದು ಅಡುಗೆಮನೆಯ ಗೂಡು ಸೇರಿದರೆ ಅವಳ ಮುಖದ ಮೇಲೆ ಅದು ಕಾಣದೇ? ಹೆಂಡತಿಗೂ ಕೆಲಸ ಕೊಡುವ ಊರೇ ಊರು. ಮೆಡಿಕಲ್ ಕಾಲೇಜುಗಳಿರುವ ಊರುಗಳನ್ನು ಮೇಲಕ್ಕೆ ತಗೊಳ್ಳಿ, ಲ್ಯಾಬುಗಳು ಅಲ್ಲಿ ಬೇಕಷ್ಟು ಅಂದೆ. ಅಕ್ಕನ ಮಗ ಮೊಬೈಲ್ ತೆಗೆದು ಬಾಡಿಗೆಯ ಕಾಲಂ ಅಳಿಸಿ ಅಲ್ಲಿ "ಲ್ಯಾಬ್" ಅಂತ ಬರೆದುಕೊಂಡ. ಅಷ್ಟಕ್ಕೇ ನನಗೆ ಹಬ್ಬದೂಟ ಇನ್ನೊಮ್ಮೆ ಮಾಡಿದಷ್ಟು ಸಂತೋಷವಾಯಿತು.

ಹೋಗಿ ನೋಡುವುದು ಹೇಗೆ ಅನ್ನುತ್ತೀರಾ? ನವೆಂಬರಿನಲ್ಲಿ ಹೋಗಬೇಡಿ. ನವೆಂಬರಿನಲ್ಲಿ ಎಲ್ಲಾ ಊರೂ ಚಂದ. ಏಪ್ರಿಲ್ ಕೊನೆಯಲ್ಲಿ ಹೋಗಿ. ಬೆಳಗ್ಗೆ ಬೇಗ ಎದ್ದು ಒಂದು ಓಣಿಯಲ್ಲಿ ನಡೆಯಿರಿ. ಮನೆ ಮುಂದೆ ಡ್ರಮ್ಮುಗಳ ಸಾಲು ಕಂಡರೆ ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಹೆಂಗಸರನ್ನೇ ಕೇಳಿ, ಗಂಡಸರನ್ನಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಎಷ್ಟು ಮಕ್ಕಳು ತಮ್ಮ ಪಾಡಿಗೆ ನಡೆದು ಮನೆಗೆ ಹೋಗುತ್ತಾರೆ ನೋಡಿ. ಹತ್ತು ವರ್ಷದ ಹುಡುಗಿ ಹಿಟ್ಟಿನ ಗಿರಣಿಗೆ ಡಬ್ಬಿ ಹಿಡಿದು ಒಬ್ಬಳೇ ಹೋಗಿ ಬರುವ ಓಣಿಯಲ್ಲಿ ಕಣ್ಣು ಮುಚ್ಚಿ ಮನೆ ಮಾಡಬಹುದು. ಸಾರ್ವಜನಿಕ ಗ್ರಂಥಾಲಯಕ್ಕೂ ಒಂದು ಸುತ್ತು ಹಾಕಿ. ಮನೆ ಕಂದಾಯದ ಜೊತೆ ನೂರಕ್ಕೆ 6ರಷ್ಟು ಗ್ರಂಥಾಲಯ ಕರ ಎಲ್ಲರೂ ಕಟ್ಟುತ್ತೇವೆ. ಆ ದುಡ್ಡು ಮಕ್ಕಳ ಪುಸ್ತಕವಾಗಿ ಕಪಾಟಿನಲ್ಲಿದೆಯೋ ಇಲ್ಲವೋ ನೋಡುವ ಹಕ್ಕು ನಮ್ಮದು. ಮತ್ತೆ, ಹೋದ ತಕ್ಷಣ ಸೈಟು ಕೊಳ್ಳುವ ಅವಸರ ಬೇಡವೇ ಬೇಡ. ಊರಾಚೆ ಹೊಲದಲ್ಲಿ ಕಲ್ಲು ನೆಟ್ಟು "ಆಗಲೇ ಎನ್‌ಎ (ಕೃಷಿಯೇತರ ಪರಿವರ್ತನೆ) ಆಗಿದೆ ಸಾರ್" ಅನ್ನುವವರು ಎಲ್ಲಾ ಊರಲ್ಲೂ ಇದ್ದಾರೆ. ಖಾತೆ, ನಕ್ಷೆ, ಪರಿವರ್ತನೆಯ ಆದೇಶ ಮೂರನ್ನೂ ಬಲ್ಲವರಿಂದ ಓದಿಸದೆ ಒಂದು ಸಹಿಯೂ ಹಾಕಬೇಡಿ. ಒಂದು ವರ್ಷ ಬಾಡಿಗೆಗಿರಿ, ಒಂದು ಮಳೆಗಾಲ, ಒಂದು ಬೇಸಿಗೆ, ಒಂದು ಜಾತ್ರೆ ನೋಡಿ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದಕ್ಕಾದರೆ ಇನ್ನೊಂದು ವರ್ಷ ಕಾಯಬೇಕಾದೀತು, ಕಾಯಿರಿ.

ಹರಿಹರವನ್ನು ಹೇಳಲೇ ಇಲ್ಲವಲ್ಲ! ದಾವಣಗೆರೆಯಿಂದ ಬಸ್ಸು ಹತ್ತಿ ಸೀಟು ಬಿಸಿಯಾಗುವುದರೊಳಗೆ ಹರಿಹರ ಬಂದುಬಿಡುತ್ತದೆ. ತುಂಗಭದ್ರೆ ಊರಿನ ಪಕ್ಕದಲ್ಲೇ ಹರಿಯುತ್ತಾಳೆ, ಹೊಯ್ಸಳರ ಕಾಲದ ಹರಿಹರೇಶ್ವರ ಗುಡಿ ಇದೆ, ದೊಡ್ಡ ಊರಿಗಿಂತ ಬಾಡಿಗೆಯೂ ಹಗುರ. ಅಲ್ಲೂ ಒಂದು ದೊಡ್ಡ ಕಾರ್ಖಾನೆ ಮುಚ್ಚಿದ್ದುಂಟು. ಆದರೆ ಪಕ್ಕದಲ್ಲಿ ದಾವಣಗೆರೆ ಇರುವುದರಿಂದ ದುಡಿಯುವ ಕೈಗೆ ದಾರಿಯಿದೆ. ಅಕ್ಕನ ಮಗನಿಗೆ ಇದನ್ನು ಹೇಳೋಣ ಅಂದರೆ ಅವನು ಆಗಲೇ ಚೀಲ ಹೆಗಲಿಗೇರಿಸಿದ್ದ. "ಹರಿಹರಕ್ಕೆ ರೈಲು ನಿಲ್ಲುತ್ತಾ ಮಾವ?" ಅಂದ. ನಿಲ್ಲದೆ ಏನು, ಹುಬ್ಬಳ್ಳಿ ಕಡೆಯ ಎಷ್ಟೋ ರೈಲು ಅಲ್ಲಿ ನಿಲ್ಲುತ್ತವೆ. ಸಂಕ್ರಾಂತಿ ಕಳೆಯಲಿ, ನಾನೂ ಬರ್ತೀನಿ, ಹೊಳೆ ದಂಡೆಗೆ ಹೋಗೋಣ, ಆಮೇಲೆ ಓಣಿ ಓಣಿ ನೋಡೋಣ ಅಂದೆ. "ಸಂಕ್ರಾಂತಿಗೆ ಬೇಡ ಮಾವ, ನೀವೇ ಅಂದ್ರಲ್ಲ, ಏಪ್ರಿಲ್‌ಗೇ ಹೋಗೋಣ" ಅಂದಳು ಸೊಸೆ.